ನೆರಳಿನ ಖರ್ಚು ಯಾರ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೊಡಗಿನ ಕಾಫಿ ತೋಟದವರೂ ಇದ್ದೀರಿ, ತೋಟದಲ್ಲಿ ದುಡಿಯುವವರೂ ಇದ್ದೀರಿ. ಆದ್ದರಿಂದ ಇಬ್ಬರಿಗೂ ಸ್ವಲ್ಪ ಸ್ವಲ್ಪ ಇರುಸುಮುರುಸಾಗುವ ಮಾತನ್ನೇ ಆಡಬೇಕಾಗುತ್ತದೆ.

ಪರಿಸರಕ್ಕಾಗಿ ಉದ್ಯಮ ಬದಲಾಗುವಾಗ ಅದರ ಹೊರೆ ಕೆಲಸಗಾರರ ಮೇಲೇ ಬೀಳಬಾರದು ಎನ್ನುವ ‘ನ್ಯಾಯಯುತ ಪರಿವರ್ತನೆ’ಯ ಮಾತು ಹುಟ್ಟಿದ್ದು ಕಾರ್ಖಾನೆಗಳ ನಡುವೆ. ಅಮೆರಿಕದ ತೈಲ ಮತ್ತು ರಾಸಾಯನಿಕ ಕಾರ್ಮಿಕರ ಸಂಘದ ನಾಯಕರಾಗಿದ್ದ ಟೋನಿ ಮಜೋಕಿ ಅವರ ವಾದ ಸರಳವಾಗಿತ್ತು: ವಿಷವುಂಡ ಮಣ್ಣನ್ನು ಶುದ್ಧಮಾಡಲು ಸರ್ಕಾರ ನಿಧಿ ಕಟ್ಟುತ್ತದೆ, ಆ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವನಿಗೂ ಒಂದು ನಿಧಿ ಬೇಡವೇ? 2015ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದಕ್ಕೆ ಮಾರ್ಗಸೂಚಿ ಹೊರತಂದಿತು. ಅದೇ ವರ್ಷ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಈ ಮಾತು ಸೇರಿತು. ನಮ್ಮ ದೇಶದಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಕಣ್ಣು ಹೋಗುವುದು ಕಲ್ಲಿದ್ದಲ ಗಣಿಗಳ ಕಡೆಗೆ.

ಕೊಡಗಿನಲ್ಲಿ ಕಲ್ಲಿದ್ದಲೂ ಇಲ್ಲ, ಹೊಗೆಕೊಳವೆಯೂ ಇಲ್ಲ. ನಮ್ಮಲ್ಲಿ ಬದಲಾಗುತ್ತಿರುವುದು ಕಾಫಿ ಗಿಡದ ಮೇಲಿನ ನೆರಳು. ಅದನ್ನು ಉಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಉಳಿಸುವ ಖರ್ಚು ಮಾತ್ರ ಮರದ ಕೆಳಗೆ ನಿಂತವರ ತಲೆಗೇ ಬೀಳುತ್ತದೆ. ಇವತ್ತಿನ ಮಾತೆಲ್ಲ ಆ ಖರ್ಚಿನ ಸುತ್ತ.

ಮೊದಲು ನೆರಳು ಯಾಕೆ ತೆಳುವಾಗುತ್ತಿದೆ ಎಂದು ನೋಡೋಣ. ಅರೇಬಿಕಾ ಜಾತಿಯ ಕಾಫಿಗೆ ನೆರಳು ಬೇಕೇ ಬೇಕು. ಬಿಳಿ ಕಾಂಡಕೊರಕ, ನಾವು ಬೋರರ್ ಅನ್ನುತ್ತೇವಲ್ಲ, ಅದರ ದುಂಬಿ ಬಿಸಿಲು ಬಿದ್ದ ಕಾಂಡದ ತೊಗಟೆ ಸೀಳಿನಲ್ಲಿ ಮೊಟ್ಟೆ ಇಡಲು ಇಷ್ಟಪಡುತ್ತದೆ. ಏಪ್ರಿಲ್‌ನಿಂದ ಮಳೆಗಾಲದ ಬಾಗಿಲಿನವರೆಗೆ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಅದರ ಹಾರಾಟ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವುದು, ಹೆಚ್ಚಾಗಿ ತೋಟ ತೆರೆದುಕೊಂಡ ವರ್ಷ ಬೋರರ್ ಹೆಚ್ಚುತ್ತದೆ. ಹುಳು ಬಿದ್ದ ಗಿಡವನ್ನು ಕಿತ್ತು ಸುಡುವುದು ಬಿಟ್ಟರೆ ಬೇರೆ ಖಚಿತ ದಾರಿಯಿಲ್ಲ. ಕಿತ್ತು ಕಿತ್ತು ಸಾಕಾದ ಬೆಳೆಗಾರ ಒಂದು ದಿನ ಆ ಜಾಗಕ್ಕೆ ರೊಬಸ್ಟಾ ಜಾತಿಯ ಕಾಫಿ ಹಾಕುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ರೊಬಸ್ಟಾಕ್ಕೆ ಬೋರರ್ ಕಾಟ ಕಡಿಮೆ, ಬೆಳಕು ಹೆಚ್ಚು ಬೇಕು. ಆದ್ದರಿಂದ ನೆರಳು ಇನ್ನಷ್ಟು ತೆಗೆಯುತ್ತಾರೆ. ಜೊತೆಗೆ ಅದಕ್ಕೆ ಫೆಬ್ರವರಿ-ಮಾರ್ಚ್‌ನಲ್ಲಿ ಹೊತ್ತಿಗೆ ಸರಿಯಾಗಿ ಹೂಮಳೆ ಬೇಕು, ಎರಡು-ಮೂರು ವಾರದೊಳಗೆ ಆ ಹೂವು ಕಾಯಿಕಟ್ಟಲು ಬ್ಯಾಕಿಂಗ್ ಮಳೆಯೂ ಬೇಕು. ಆಕಾಶ ಕೈಕೊಟ್ಟರೆ ಸ್ಪ್ರಿಂಕ್ಲರ್. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ 1,02,800 ಲೀಟರ್. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು ಎಂದು ಹಿಡಿದರೆ ಎಕರೆಗೆ 2,57,000 ಲೀಟರ್. ಐದು ಎಕರೆಯ ಸಣ್ಣ ತೋಟಕ್ಕೇ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 128 ಲೋಡು. ಇಷ್ಟನ್ನೂ ಎತ್ತುವುದು ತೋಡು, ಕೆರೆ, ಹೊಳೆಗಳಲ್ಲಿ ನೀರು ತೀರ ಕಡಿಮೆ ಇರುವ ವಾರಗಳಲ್ಲಿ. ನೆರಳು ತೆಳುವಾದಷ್ಟೂ ಮಣ್ಣು ಬೇಗ ಒಣಗುತ್ತದೆ, ಆಗ ಇನ್ನೊಂದು ಸುತ್ತು ಪಂಪು ಓಡಬೇಕು. ಬೋರರ್‌ನಿಂದ ರೊಬಸ್ಟಾ, ರೊಬಸ್ಟಾದಿಂದ ಬಿಸಿಲು, ಬಿಸಿಲಿನಿಂದ ನೀರು. ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ಬೆಳೆಗಾರನ ಲೆಕ್ಕ ಸರಿಯಾಗಿಯೇ ಇದೆ. ಕೊನೆಯಲ್ಲಿ ಬತ್ತುವುದು ಮಾತ್ರ ಕಾವೇರಿ.

ಈಗ ಕಾನೂನಿಗೆ ಬರೋಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೆಲವು ಜಾತಿಯ ಮರಗಳ ಕಡಿತಕ್ಕೆ ಅನುಮತಿ ಬೇಡ ಎಂದು ವಿನಾಯಿತಿ ಕೊಟ್ಟಿದೆ. ಸಿಲ್ವರ್ ಓಕ್ ಆ ಪಟ್ಟಿಯಲ್ಲಿದೆ. ಹೊನ್ನೆ, ಬೀಟೆ, ನಂದಿ, ಮತ್ತಿ ಇಲ್ಲ. ಹೊನ್ನೆ ಮರ ಕಡಿಯಬೇಕಾದರೆ ಅರ್ಜಿ, ಪಹಣಿ, ನಕ್ಷೆ, ಮರಕ್ಕೆ ನಂಬರು, ಸುತ್ತಳತೆಯ ಪಟ್ಟಿ, ಕಟಾವಿನ ಆದೇಶ, ಸಾಗಣೆಗೆ ರಹದಾರಿ. ಇದರ ಮೇಲೆ ಕೊಡಗಿಗೇ ವಿಶೇಷವಾದ ಇನ್ನೊಂದು ಗಂಟಿದೆ. ಜಾಗ ಬಾಣೆಯೋ (ಗದ್ದೆಗೆ ಹೊಂದಿಕೊಂಡಂತೆ ಕೊಟ್ಟ ಮರಗಾಡಿನ ಜಾಗ) ಸಾಗುವೋ (ಕಂದಾಯ ಕಟ್ಟುವ ಸಾಗುವಳಿ ಜಾಗ), ಬಾಣೆಯಾದರೆ ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ರಿಡೀಮ್ ಆಗಿದೆಯೋ ಇಲ್ಲವೋ? ಆಗಿಲ್ಲದಿದ್ದರೆ ಮರ ಸರ್ಕಾರದ್ದು. ಅಜ್ಜ ಉಳಿಸಿದ, ಅಪ್ಪ ಕಾಳುಮೆಣಸು ಹಬ್ಬಿಸಿದ ಮರಕ್ಕೆ ಮೊಮ್ಮಗ ಬರೀ ಕಾವಲುಗಾರ. ಪಹಣಿ ಮನೆತನದ ಹಿರಿಯ ಪಟ್ಟೇದಾರರ ಹೆಸರಿನಲ್ಲಿ ಇಡೀ ಒಕ್ಕಕ್ಕೆ, ಅಂದರೆ ಕೂಡುಮನೆತನಕ್ಕೆ, ಸೇರಿ ಇದ್ದರಂತೂ ಸಹಿ ಹಾಕಿಸಲು ಬೆಂಗಳೂರು, ಮೈಸೂರು ಸುತ್ತಿ ಬರಬೇಕು.

ಇದರ ಫಲ ತೋಟದಲ್ಲಿ ಕಣ್ಣಿಗೆ ಕಾಣುತ್ತದೆ. ತಾನಾಗಿ ಮೊಳೆತ ಹೊನ್ನೆ ಸಸಿಯನ್ನು ಕಳೆ ಹೊಡೆಯುವಾಗಲೇ ಸವರಿಬಿಡುತ್ತಾರೆ, ಬೆಳೆದ ಮೇಲೆ ತಲೆನೋವು ಬೇಡ ಎಂದು. ಆ ಜಾಗಕ್ಕೆ ಸಿಲ್ವರ್ ಓಕ್. ಸಿಲ್ವರ್ ಓಕನ್ನು ಬೈಯುವುದು ಈಗ ಫ್ಯಾಷನ್ನಾಗಿದೆ, ಅದರಲ್ಲಿ ಅರ್ಥವಿಲ್ಲ. ನೇರ ಕಾಂಡ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಕಷ್ಟಕಾಲಕ್ಕೆ ಬ್ಯಾಂಕಿನ ಠೇವಣಿ. ಆದರೆ ಅತ್ತಿ, ಬಸರಿ, ಹಲಸು, ಹಾಲವಾಣ ಬೆರೆತ ನೆರಳಿನ ತಂಪು, ಬೇಗ ಕೊಳೆಯುವ ತರಗು, ಹಕ್ಕಿಗೆ ಹಣ್ಣು, ಇವನ್ನು ಅದು ಕೊಡಲಾರದು. ಮರ ಉಳಿಸಲೆಂದು ಮಾಡಿದ ಕಾಯ್ದೆ ಮರ ಬೆಳೆಸುವವನ ಕೈಯನ್ನೇ ಕಟ್ಟಿತು. ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿ ಜಮೀನಿನ ಮರ ಕಡಿಯುವುದಕ್ಕೆ ಮಾದರಿ ನಿಯಮಗಳನ್ನು ಹೊರಡಿಸಿದೆ. ಬಾಣೆಯ ಮರದ ಒಡೆತನ ಇತ್ಯರ್ಥವಾಗದೆ ಅಂಥ ನಿಯಮ ಕೊಡಗಿನಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ.

ನೆರಳಿನ ಬಗ್ಗೆ ಇಷ್ಟೆಲ್ಲ ಮಾತಾಡುವವರು ಸಾಮಾನ್ಯವಾಗಿ ಮರ ಹತ್ತುವವನನ್ನು ಮರೆಯುತ್ತಾರೆ. ಮಿಶ್ರ ನೆರಳು ತಾನಾಗಿ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಆಗಬೇಕು, ಎಲ್ಲಿ ಎಷ್ಟು ಕೊಂಬೆ ತೆಗೆಯಬೇಕು ಎಂಬ ಕಣ್ಣಳತೆ ಬೇಕು, ಕೆಳಗಿನ ಗಿಡ ಮುರಿಯದಂತೆ ಕೊಂಬೆ ಇಳಿಸುವ ಕೈಚಳಕ ಬೇಕು. ಒಂಟಿ ಬಿದಿರಿನ ಏಣಿ, ಸೊಂಟದಲ್ಲಿ ಕತ್ತಿ, ಮೂವತ್ತು-ನಲವತ್ತು ಅಡಿ ಎತ್ತರ. ಈ ಕೆಲಸ ಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಅವರ ಮಕ್ಕಳು ಹತ್ತಲು ಒಪ್ಪುವುದಿಲ್ಲ. ಒಪ್ಪಬೇಕಾದ ಕಾರಣವೂ ಇಲ್ಲ. ಮರಗಸಿಗೆ ಜನ ಸಿಗದ ತೋಟದಲ್ಲಿ ಎರಡು-ಮೂರು ವರ್ಷ ನೆರಳು ಕವಿದು ಫಸಲು ಇಳಿಯುತ್ತದೆ, ನಾಲ್ಕನೇ ವರ್ಷ ಯಂತ್ರದ ಗರಗಸ ತಂದು ಬುಡಕ್ಕೇ ಹಾಕುತ್ತಾರೆ. ಎಷ್ಟೋ ಮರ ಹೋಗುವುದು ದುರಾಸೆಗಿಂತ ಹೆಚ್ಚಾಗಿ ಆಳಿನ ಕೊರತೆಗೆ.

ಬಿದ್ದರೆ ಏನು? ಇಲ್ಲೊಂದು ಲೆಕ್ಕ ಎಲ್ಲರಿಗೂ ತಿಳಿದಿರಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರ ಹೀಗಿತ್ತು: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 2020ರಲ್ಲಿ ಈ ಲೆಕ್ಕಕ್ಕೆ ಕೂಲಿಯ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. 30 ವರ್ಷದವನ ಗುಣಕ 207.98. ಅಂದರೆ 7,500 × 207.98 = 15,59,850 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸೂತ್ರ ಇದೇ. ಹದಿನೈದೂವರೆ ಲಕ್ಷ ಕೊಡುವ ಶಕ್ತಿ ಐದು ಎಕರೆಯವನಿಗೆ ಇಲ್ಲ, ಆದ್ದರಿಂದ ವಿಷಯ ಠಾಣೆಗೂ ಹೋಗದೆ, ಕಾರ್ಮಿಕ ಇಲಾಖೆಗೂ ಹೋಗದೆ ಹತ್ತಿಪ್ಪತ್ತು ಸಾವಿರದಲ್ಲಿ ಮುಗಿದುಹೋಗುವ ಅಪಾಯ ಯಾವತ್ತೂ ಇದೆ. ಇದಕ್ಕೆ ಪಾಲಿಸಿ ಸಿಗುತ್ತದೆ. ಒಬ್ಬೊಬ್ಬ ಸಣ್ಣ ಬೆಳೆಗಾರ ಬೇರೆ ಬೇರೆ ಮಾಡಿಸುವುದು ಕಷ್ಟ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮಟ್ಟದಲ್ಲಿ ಗುಂಪಾಗಿ ಮಾಡಿಸಬಹುದು. ಮಾಡಿಸುವಾಗ ಒಂದು ಎಚ್ಚರ: ಕೆಲಸದ ವಿವರದಲ್ಲಿ ‘ತೋಟದ ಸಾಮಾನ್ಯ ಕೆಲಸ’ ಎಂದಷ್ಟೇ ಬರೆಸಿದರೆ ಮರದಿಂದ ಬಿದ್ದಾಗ ತಕರಾರು ಏಳುತ್ತದೆ. ‘ಮರ ಹತ್ತಿ ಕೊಂಬೆ ಕಡಿಯುವುದು, ಏಣಿಯ ಮೇಲೆ ಮೆಣಸು ಕೊಯ್ಯುವುದು’ ಎಂದು ಬಿಡಿಸಿ ಬರೆಸಬೇಕು.

ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆ, ಅಂದರೆ ಲೈನ್ ಮನೆಯ ಮಾತು ಇದಕ್ಕೇ ಅಂಟಿಕೊಂಡಿದೆ. ಬೇರೆ ಉದ್ಯಮದಲ್ಲಿ ಕೆಲಸ ಹೋದರೆ ಸಂಬಳ ಹೋಗುತ್ತದೆ. ಲೈನ್ ಮನೆಯಲ್ಲಿರುವ ಯರವ, ಜೇನು ಕುರುಬ ಆದಿವಾಸಿ ಕುಟುಂಬಗಳಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ, ಮನೆಯ ಜೊತೆ ವಿಳಾಸ, ರೇಷನ್ ಕಾರ್ಡು, ಮಗುವಿನ ಶಾಲೆ. 1951ರ ತೋಟ ಕಾರ್ಮಿಕರ ಕಾಯ್ದೆ ಐದು ಹೆಕ್ಟೇರ್‌ಗಿಂತ ಸಣ್ಣ ತೋಟವನ್ನು ಮುಟ್ಟಲೇ ಇಲ್ಲ. ಕಳೆ ಕತ್ತರಿಸುವ ಯಂತ್ರ ಬಂದಾಗ ಕೈಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ದಿನಗಳು ಕಡಿಮೆಯಾದವು, ಅದನ್ನು ಯಾವ ನೀತಿಯೂ ‘ಪರಿವರ್ತನೆ’ ಎಂದು ಎಣಿಸಲಿಲ್ಲ. ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಎದ್ದ ಪ್ರಶ್ನೆಯ ಬೇರೂ ಇಲ್ಲೇ ಇತ್ತು: ತಲೆಮಾರುಗಳಿಂದ ತೋಟಕ್ಕೆ ದುಡಿದವರಿಗೆ ತಮ್ಮದೆನ್ನುವ ನಾಲ್ಕು ಸೆಂಟು ಜಾಗ ಎಲ್ಲಿದೆ?

ಇನ್ನು ಯುರೋಪಿನ ನಿಯಮ. ಅರಣ್ಯನಾಶ ತಡೆಯುವ 2023/1115 ಸಂಖ್ಯೆಯ ನಿಯಮಾವಳಿಯ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿ ಈಗ 2026ರ ಡಿಸೆಂಬರ್ 30ಕ್ಕೆ ನಿಂತಿದೆ, ಅಲ್ಲಿನ ಸಣ್ಣ ಮತ್ತು ಕಿರು ಉದ್ದಿಮೆಗಳಿಗೆ 2027ರ ಜೂನ್ 30. ಭಾರತವನ್ನು 2025ರ ಮೇ ತಿಂಗಳಲ್ಲಿ ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಹಾಗೆಂದು ರಫ್ತುದಾರ ನಿಮ್ಮ ತೋಟದ ಸ್ಥಳಗುರುತು ಕೇಳುವುದನ್ನು ಬಿಡುವುದಿಲ್ಲ.

ನಾಲ್ಕು ಹೆಕ್ಟೇರ್, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ, ಅದರೊಳಗಿನ ತೋಟಕ್ಕೆ ಒಂದೇ ಬಿಂದು ಸಾಕು. ಮೀರಿದರೆ ಗಡಿ ಸುತ್ತಿ ಬಹುಭುಜ ಎಳೆಯಬೇಕು. ಅಕ್ಷಾಂಶ-ರೇಖಾಂಶ ದಶಮಾಂಶದ ಆರು ಸ್ಥಾನಗಳವರೆಗೆ ಬೇಕು. ಆರನೇ ಸ್ಥಾನ ಎಂದರೆ ನೆಲದ ಮೇಲೆ 11 ಸೆಂಟಿಮೀಟರ್. ದಟ್ಟ ನೆರಳಿನಡಿ ಮೊಬೈಲು ಹಲವಾರು ಮೀಟರ್ ತಪ್ಪುತ್ತದೆ, ಆದ್ದರಿಂದ ಆ ಕೊನೆಯ ಅಂಕಿಗಳು ಶಾಸ್ತ್ರಕ್ಕೆ. ತಪ್ಪು ಆಗುವುದು ಬೇರೆ ಕಡೆ. ಫೋನಿನ ನಕ್ಷೆ ಅಕ್ಷಾಂಶವನ್ನು ಮೊದಲು ತೋರಿಸುತ್ತದೆ, ರಫ್ತುದಾರರಿಗೆ ಕೊಡುವ ನಕ್ಷೆ ಫೈಲಿನ ಜಿಯೋಜೇಸನ್ ನಮೂನೆ ರೇಖಾಂಶವನ್ನು ಮೊದಲು ಕೇಳುತ್ತದೆ. 12.4 ಮತ್ತು 75.7 ಅದಲುಬದಲಾದರೆ ನಿಮ್ಮ ತೋಟ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ತೇಲುತ್ತದೆ. ಅಲ್ಲಿ ರೊಬಸ್ಟಾ ಬರುವುದು ಕಷ್ಟ. ಗಡಿ ಸುತ್ತುವಾಗ ಹೊರಟ ಜಾಗಕ್ಕೇ ಬಂದು ಮುಚ್ಚದಿದ್ದರೆ ಬಹುಭುಜ ತಿರಸ್ಕೃತವಾಗುತ್ತದೆ. ಬೇಲಿ ಸಿಗದೆ ಹಿಂದೆ-ಮುಂದೆ ನಡೆದರೆ ಗೆರೆ ತನ್ನನ್ನೇ ಅಡ್ಡಹಾಯುತ್ತದೆ, ಅದೂ ಹೋಗುತ್ತದೆ. ಒಂದೊಂದು ಮೂಲೆಯಲ್ಲೂ ಒಂದೆರಡು ನಿಮಿಷ ನಿಂತು, ಆಕಾಶ ಕಾಣುವ ಕಡೆಗೆ ಫೋನು ಹಿಡಿದು ಬಿಂದು ಗುರುತಿಸುವುದು ಮೇಲು. ನಡೆಯುತ್ತ ಗುರುತಿಸಿದರೆ ಗೆರೆ ನೆರೆಯವರ ತೋಟಕ್ಕೆ ನುಗ್ಗಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಉಪಗ್ರಹದ ಕಣ್ಣು. ಮೇಲಿನಿಂದ ನೋಡಿದರೆ ಮಿಶ್ರ ನೆರಳಿನ ಕಾಫಿ ತೋಟಕ್ಕೂ ಕಾಡಿಗೂ ವ್ಯತ್ಯಾಸ ಕಾಣುವುದು ಕಷ್ಟ. ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, ಐದು ಮೀಟರ್ ಮೀರಿದ ಮರ, ಶೇ 10ರಷ್ಟು ಮೇಲ್ಛಾವಣಿ ಇದ್ದರೆ ಅದು ಕಾಡು ಎಂಬುದು ಯುರೋಪಿನ ನಿಯಮದ ವ್ಯಾಖ್ಯೆ. ಮುಖ್ಯವಾಗಿ ಕೃಷಿಗೆ ಬಳಸುವ ಜಮೀನನ್ನು ಅದೇ ವ್ಯಾಖ್ಯೆ ಹೊರಗಿಟ್ಟಿದೆ. ಕಾನೂನು ನಿಮ್ಮ ಪರವಾಗಿದೆ, ಚಿತ್ರ ಇಲ್ಲ. 2020ರ ನಕ್ಷೆಯಲ್ಲಿ ಹಸಿರಾಗಿ ಕಂಡ ತೋಟದಲ್ಲಿ 2023ರಲ್ಲಿ ಹತ್ತು ಮರ ತೆಗೆದಿದ್ದರೆ ‘ಕಾಡು ಕಡಿದಿದ್ದಾರೆ’ ಎಂಬ ಕೆಂಪು ಚುಕ್ಕೆ ಮೂಡಬಹುದು. ಎಷ್ಟೋ ವರ್ಷದ ಹಿಂದೆಯೇ ಬೋಳಿಸಿದ ತೋಟಕ್ಕೆ ಈ ಭಯವೇ ಇಲ್ಲ! ಮರ ಇಟ್ಟುಕೊಂಡವನೇ ಸಾಕ್ಷಿ ಒದಗಿಸಬೇಕು. ಆದ್ದರಿಂದ ಈಗಲೇ ಒಂದು ಕಡತ ಮಾಡಿಡಿ: 2020ಕ್ಕೆ ಮುಂಚಿನ ಪಹಣಿ, ಅದರಲ್ಲಿ ಬೆಳೆ ಕಾಲಂನಲ್ಲಿ ಕಾಫಿ ಎಂದಿರುವ ಪ್ರತಿ, ಕಾಫಿ ಮಂಡಳಿಯ ನೋಂದಣಿ, ಹಳೆಯ ಕಾಫಿ-ಮೆಣಸು ಮಾರಾಟದ ಬಿಲ್ಲು, ಮರ ಕಡಿದಿದ್ದರೆ ಅನುಮತಿ ಪತ್ರ, ಮರ ಬಿದ್ದ ಜಾಗದಲ್ಲಿ ಈಗಲೂ ಕಾಫಿ ಇದೆ ಎಂದು ತೋರಿಸುವ ದಿನಾಂಕದ ಫೋಟೊ. ಭೂ ಹಕ್ಕು, ಕಾರ್ಮಿಕರ ಹಕ್ಕು ಕುರಿತ ದೇಶದ ಕಾನೂನು ಪಾಲನೆಯಾಗಿದೆಯೇ ಎಂದೂ ಇದೇ ನಿಯಮ ಕೇಳುತ್ತದೆ. ಕೂಲಿಯ ಪುಸ್ತಕ ಇಲ್ಲದ ತೋಟಗಳು ಇದನ್ನು ಗಮನಿಸುವುದು ಒಳ್ಳೆಯದು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದರ ಬಗ್ಗೆ ಈ ಜಿಲ್ಲೆಯಲ್ಲಿ ಮಾತು ಬೇಕಾದಷ್ಟಾಗಿದೆ. 2024ರ ಜುಲೈ 31ರ ಕರಡಿನಲ್ಲಿ ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಇತ್ತು, ಅದರಲ್ಲಿ ಕರ್ನಾಟಕದ್ದು 20,668. ರಾಜ್ಯ ಸಚಿವ ಸಂಪುಟ ಆ ಸೆಪ್ಟೆಂಬರ್‌ನಲ್ಲಿ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕರಡು ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಉದ್ಯಮ, 20,000 ಚದರ ಮೀಟರ್ ಮೀರಿದ ಕಟ್ಟಡಗಳನ್ನು. 20,000 ಚದರ ಮೀಟರ್ ಎಂದರೆ 2,15,000 ಚದರ ಅಡಿ, ಯಾವ ಹೋಂಸ್ಟೇಯೂ ಅದರ ಹತ್ತಿರ ಸುಳಿಯುವುದಿಲ್ಲ. ಕಾಫಿ ಬೆಳೆಯುವುದನ್ನು ಅದು ತಡೆಯುವುದಿಲ್ಲ. ಆದರೂ ಜನ ಯಾಕೆ ಹೆದರಿದರು? ಮರದ ಕಾಯ್ದೆಯ ಅನುಭವ ಕಲಿಸಿದ ಪಾಠ ಅದು: ಕಾಗದದಲ್ಲಿ ಇಲ್ಲದ ನಿರ್ಬಂಧ ಕಚೇರಿಯ ಮೇಜಿನ ಮೇಲೆ ಹುಟ್ಟಿಕೊಳ್ಳುತ್ತದೆ. ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವ ಪರಿಸರವಾದಿಗಳೂ, ಕರಡನ್ನು ಓದದೆ ಭಯ ಹಂಚುವ ನಾಯಕರೂ ಇದಕ್ಕೆ ಸಮಪಾಲುದಾರರು.

ಹಾಗಾದರೆ ಹಣ ಎಲ್ಲಿಂದ? ಕೇಂದ್ರದ 2023ರ ಗ್ರೀನ್ ಕ್ರೆಡಿಟ್ ಯೋಜನೆಯ ಮರದ ಲೆಕ್ಕವೆಲ್ಲ ಹಾಳುಬಿದ್ದ ಅರಣ್ಯಭೂಮಿಯಲ್ಲಿ ಹೊಸದಾಗಿ ನೆಡುವುದಕ್ಕೆ. ಕಾರ್ಬನ್ ಮಾರುಕಟ್ಟೆಯೂ ಸಾಮಾನ್ಯವಾಗಿ ಮರದಲ್ಲಿ ಹೊಸದಾಗಿ ಸೇರಿದ ಇಂಗಾಲಕ್ಕೇ ಕೊಡುತ್ತದೆ, ನೂರು ವರ್ಷದ ನಂದಿ ಮರಕ್ಕೆ ಕೊಡುವುದಿಲ್ಲ. ಮರ ಕಡಿದು ಮತ್ತೆ ನೆಟ್ಟವನಿಗೆ ದುಡ್ಡು, ಕಡಿಯದೇ ಇದ್ದವನಿಗೆ ಶಾಲು.

ನನಗೆ ಹೆಚ್ಚು ನ್ಯಾಯವೆನಿಸುವುದು ನೀರಿನ ದಾರಿ. ಪಶ್ಚಿಮ ಘಟ್ಟದ ನದಿಗಳ ನೀರು ಕುಡಿಯುವ ನಗರಗಳ ಬಿಲ್ಲಿಗೆ ತಿಂಗಳಿಗೆ ಎರಡು-ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಿದ್ಧಪಡಿಸಲು ಅರಣ್ಯ ಸಚಿವ ಈಶ್ವರ ಖಂಡ್ರೆ 2024ರ ನವೆಂಬರ್‌ನಲ್ಲಿ ಸೂಚಿಸಿದ್ದರು. ಲೆಕ್ಕ ಹಾಕಿ ನೋಡಿ. 2024ರ ಅಕ್ಟೋಬರ್‌ನಲ್ಲಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಬೆಂಗಳೂರಿನ ಕಾವೇರಿ ಪೂರೈಕೆಯ ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಸಾವಿರ ಲೀಟರಿಗೆ ಒಂದು ರೂಪಾಯಿ ಎಂದರೆ ದಿನಕ್ಕೆ 22 ಲಕ್ಷ, ವರ್ಷಕ್ಕೆ 81 ಕೋಟಿ. ಸೋರಿಕೆ, ಬಿಲ್ಲಾಗದ ನೀರು ಕಳೆದರೆ ಇಷ್ಟು ಕೈಗೆ ಬಾರದು. ಹೇಮಾವತಿ, ಕಬಿನಿ ಸೀಮೆಗಳಿಗೂ ಪಾಲಿದೆ. ಅಷ್ಟೂ ಇಲ್ಲಿಗೇ ಬಂದರೂ ಕೊಡಗಿನ ಸುಮಾರು ಒಂದು ಲಕ್ಷ ಹೆಕ್ಟೇರ್ ಕಾಫಿಗೆ ಹಂಚಿದರೆ ಎಕರೆಗೆ ಮೂರು ಸಾವಿರದ ಚಿಲ್ಲರೆ. ಯಾರೂ ಶ್ರೀಮಂತರಾಗುವ ಮೊತ್ತವಲ್ಲ, ಮರಗಸಿಯ ಖರ್ಚಿಗೆ ಒಂದು ಆಸರೆ.

ಹಂಚುವ ಬಗೆಯಲ್ಲಿ ಎಡವುವುದು ಸುಲಭ. ಪಹಣಿ ನೋಡಿ ಎಕರೆವಾರು ಕೊಟ್ಟರೆ ನೂರು ಎಕರೆಯ ಬೋಳು ತೋಟಕ್ಕೆ ಹೆಚ್ಚು, ಮೂರು ಎಕರೆಯ ದಟ್ಟ ತೋಟಕ್ಕೆ ಕಡಿಮೆ. ಅದರ ಬದಲು ಮರ ಎಣಿಸಬೇಕು. 20 ಮೀಟರ್ ಉದ್ದಗಲದ ಚೌಕ ಹಾಕಿ ಅದರೊಳಗಿನ ಮರಗಳನ್ನು 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ಹಿಡಿದು ಜಾತಿವಾರು ಬರೆಯಬೇಕು. ಒಂದು ಚೌಕ ಹೆಚ್ಚುಕಡಿಮೆ ಎಕರೆಯ ಹತ್ತನೇ ಒಂದು ಪಾಲು, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಆಯಿತು. ಚೌಕವನ್ನು ಮಾಲೀಕ ಆರಿಸಬಾರದು, ಚೀಟಿ ಎತ್ತಿ ಆರಿಸಬೇಕು. ಇಲ್ಲದಿದ್ದರೆ ದೇವರಕಾಡಿನ ಅಂಚಿನ ಮೂಲೆಯೇ ಪ್ರತಿ ಸಲ ತೋಟದ ಪ್ರತಿನಿಧಿಯಾಗುತ್ತದೆ. ಬಂದ ಹಣದ ಒಂದು ಭಾಗ ಮರ ಹತ್ತುವವರ ವಿಮೆಗೆ, ಹಗ್ಗ-ಬೆಲ್ಟಿಗೆ ನೇರ ಹೋಗಬೇಕು, ಮಾಲೀಕರ ಖಾತೆಯ ಮೂಲಕ ಸುತ್ತಿ ಬರಬಾರದು. ಪಹಣಿಯೇ ಇಲ್ಲದ ಆದಿವಾಸಿ ಹಾಡಿಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಇದೆ. ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ‘ಸಿ’ ನಮೂನೆಯ ಅರ್ಜಿ ಮಂಜೂರಾದ ಕಡೆ ಆ ಗ್ರಾಮಸಭೆಯೇ ಹಣ ಪಡೆಯುವ ಸಂಸ್ಥೆಯಾಗಬಹುದು.

ಇನ್ನೊಂದು ಅಪಾಯ. ನೀರಿನ ಹೆಸರಿನ ದುಡ್ಡು ಬಂದ ಕೂಡಲೇ ‘ಇಂಗುಗುಂಡಿ ತೋಡಿಸಿ’ ಎಂಬ ಗುರಿ ಬರುತ್ತದೆ. ಸಾಧಾರಣ ಇಳಿಜಾರಿನ ತೋಟದಲ್ಲಿ ಸಾಲಿನ ನಡುವೆ ತೊಟ್ಟಿಲು ಗುಂಡಿ ಒಳ್ಳೆಯದೇ. ಕಡಿದಾದ, ಆಳವಾದ ಸಡಿಲ ಮಣ್ಣಿನ ಗುಡ್ಡದಲ್ಲಿ ಅದೇ ಗುಂಡಿ ನೀರನ್ನು ಒಳಗಿಳಿಸಿ ಮಣ್ಣಿನ ತೂಕ ಏರಿಸುತ್ತದೆ, ಹಿಡಿತ ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, ಮರುವರ್ಷ ತೋರದಲ್ಲಿ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆ ಇದು. ಅಂಥ ಕಡೆ ನೀರನ್ನು ಚರಂಡಿ ಮಾಡಿ ಬೇಗ ಹೊರಗೆ ಬಿಡಬೇಕು. ಗುಡ್ಡದ ತಲೆಯಲ್ಲಿ ಉದ್ದುದ್ದ ಬಿರುಕು ಕಂಡರೆ ಮೊದಲ ಕೆಲಸ ಕೆಳಗಿನ ಮನೆಯವರನ್ನು ಎಬ್ಬಿಸುವುದು, ಎರಡನೆಯದು ಬಿರುಕಿನೊಳಗೆ ನೀರಿಳಿಯದಂತೆ ಮಣ್ಣು ತುಂಬಿ ಮುಚ್ಚುವುದು. ಇಡೀ ರಾಜ್ಯಕ್ಕೆ ಒಂದೇ ಗುರಿ ಕೊಡುವ ಯೋಜನೆಗೆ ಈ ಎರಡು ಇಳಿಜಾರಿನ ವ್ಯತ್ಯಾಸ ತಿಳಿಯುವುದಿಲ್ಲ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದರು: ಸ್ಪ್ರಿಂಕ್ಲರ್‌ಗೆ ಡೀಸೆಲ್ ಬಿಟ್ಟು ಸೋಲಾರ್ ಹಾಕಬಹುದೇ? ಹಾಕಬಹುದು, ಲೆಕ್ಕ ಗೊತ್ತಿರಬೇಕು. ಹೊಳೆಯಿಂದ ಏರು ಮತ್ತು ಸ್ಪ್ರಿಂಕ್ಲರ್‌ನ ಒತ್ತಡ ಸೇರಿ 60 ಮೀಟರ್ ಎಂದಿಟ್ಟುಕೊಳ್ಳಿ. ಪಂಪು, ಪೈಪಿನ ನಷ್ಟ ಸೇರಿಸಿದರೆ ಒಂದು ಎಕರೆಗೆ ಒಂದು ಇಂಚು ಹಾಯಿಸಲು ಸುಮಾರು 34 ಯೂನಿಟ್. ಐದು ಎಕರೆಗೆ ಒಂದೂವರೆ ಇಂಚಿಗೆ 250 ಯೂನಿಟ್. ಐದು ಎಚ್‌ಪಿ ಪಂಪಿನ 4.8 ಕಿಲೋವ್ಯಾಟ್ ಫಲಕ ಫೆಬ್ರವರಿಯ ಬಿಸಿಲಿಗೆ ದಿನಕ್ಕೆ 20 ಯೂನಿಟ್‌ನ ಆಸುಪಾಸು ಕೊಟ್ಟರೆ ಹನ್ನೆರಡು-ಹದಿಮೂರು ದಿನ ಹಿಡಿಯುತ್ತದೆ. ಅಷ್ಟು ದಿನ ಹೂವು ಹಿಂದೆಮುಂದಾದರೆ ಹಣ್ಣೂ ಹಿಂದೆಮುಂದಾಗುತ್ತದೆ, ಕೊಯ್ಲಿಗೆ ಒಂದು ಸುತ್ತು ಹೆಚ್ಚು ಬೇಕು, ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೌರ ಪಂಪಿಗೆ ಕೇಂದ್ರದ ಕುಸುಮ್ ಯೋಜನೆಯ ಸಹಾಯಧನ ಸಿಗುವುದು 7.5 ಎಚ್‌ಪಿವರೆಗಿನ ಸಾಮರ್ಥ್ಯಕ್ಕೆ. ಉಳಿದ ಹನ್ನೊಂದು ತಿಂಗಳು ಫಲಕ ಸುಮ್ಮನೆ ಕೂರದಂತೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೋ ಮನೆಗೋ ಜೋಡಿಸುವ ಸಲಕರಣೆ ಮೊದಲೇ ಕೇಳಿ. ಇನ್ನು ಫಲಕಕ್ಕೆ ಜಾಗ ಮಾಡಲು ಮರ ಕಡಿಯಬೇಡಿ. ತೋಟದಲ್ಲಿ ಬಿಸಿಲು ಬೀಳುವ ಜಾಗ ಒಂದಿದೆ, ಕಾಫಿ ಒಣಗಿಸುವ ಕಣ. ಕೊಯ್ಲಿನ ತಿಂಗಳುಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಕಣದ ಬಡಗಣ ಅಂಚಿಗೆ ಕಂಬ ನೆಟ್ಟು ಫಲಕವನ್ನು ತೆಂಕಣಕ್ಕೆ ಮುಖಮಾಡಿ ನಿಲ್ಲಿಸಿದರೆ ಅದರ ನೆರಳು ಕಣದ ಆಚೆಗೆ ಬೀಳುತ್ತದೆ, ಹರಡಿದ ಹಣ್ಣಿನ ಮೇಲೆ ಬೀಳುವುದಿಲ್ಲ.